ಕೇರಿಯ ಆಸರೆ, ಕೇರಿಯ ಹೊರೆ

ಲೋಕಿಕೆರೆಯಂಥ ಒಂದು ಹಳ್ಳಿಯಿಂದ ದಾವಣಗೆರೆಗೆ ಕಾಲೇಜು ಓದಲು ಒಬ್ಬ ಹುಡುಗ ಬಂದನೆನ್ನಿ. ಊರ ಹೊರಗಿನ ಕೇರಿಯವನು. ಅವನ ಪೆಟ್ಟಿಗೆಯಲ್ಲಿ ತಹಶೀಲ್ದಾರರ ಕಚೇರಿಯಿಂದ ತಂದ ಜಾತಿ ಪ್ರಮಾಣಪತ್ರ ಉಂಟು. ಆ ಕಾಗದದಿಂದ ವಿದ್ಯಾರ್ಥಿವೇತನ ದೊರೆಯುತ್ತದೆ; ಸ್ಥಳವಿದ್ದರೆ ವಿದ್ಯಾರ್ಥಿನಿಲಯದ ಬಾಗಿಲೂ ತೆರೆಯುತ್ತದೆ. ಸ್ಥಳವಿಲ್ಲದೆ ಅವನು ಬಾಡಿಗೆ ಕೋಣೆ ಹುಡುಕುತ್ತ ಹೊರಟರೆ? ಮನೆಯವರು ಮೊದಲು ಊರು ಕೇಳುತ್ತಾರೆ, ಆಮೇಲೆ ತಂದೆಯ ಹೆಸರು, ಕೊನೆಗೆ "ನೀವು ಯಾವ ಜನ?" ಉತ್ತರ ಕೇಳಿದೊಡನೆ, ಅದುವರೆಗೆ ಖಾಲಿಯಿದ್ದ ಕೋಣೆಗೆ ಯಾರೋ ನೆಂಟರು ಬರುವವರಾಗಿಬಿಡುತ್ತಾರೆ. ಒಂದು ಬಾಗಿಲನ್ನು ತೆರೆದ ಹೆಸರೇ ಇನ್ನೊಂದನ್ನು ಮುಚ್ಚಿತು.

"ಅವರಿಗೇನು, ಎಲ್ಲ ಸೌಲಭ್ಯವೂ ಇದೆ" ಎನ್ನುವವರು ನಮ್ಮಲ್ಲಿ ಬಹಳ. ದಾವಣಗೆರೆ ವ್ಯಾಪಾರದ ಊರು. ಲೆಕ್ಕ ಬಲ್ಲ ಊರು. ಕಿರ್ದಿಯಲ್ಲಿ ಜಮಾ ಮಾತ್ರ ಓದಿ ಖರ್ಚನ್ನು ಬಿಟ್ಟರೆ ಲೆಕ್ಕ ಸರಿಹೋದೀತೆ?

ಜಮಾ ಇಲ್ಲವೆಂದಲ್ಲ. ಮದುವೆಯಿರಲಿ, ಸಾವಿರಲಿ, ಕೇರಿಯಲ್ಲಿ ಯಾರೂ ಒಂಟಿಯಲ್ಲ. ಮೊದಲು ಓದಿದವನು ಹಿಂದೆ ಬರುವವನಿಗೆ ಪುಸ್ತಕ ಕೊಡುತ್ತಾನೆ, ಅರ್ಜಿ ಬರೆದುಕೊಡುತ್ತಾನೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ನೌಕರಿಯಲ್ಲಿ ಮೀಸಲಾತಿಗೂ ಎಡೆಮಾಡಿತು. ಅದು ಭಿಕ್ಷೆಯಲ್ಲ, ಹಳೆಯ ಸಾಲದ ಒಂದು ಕಂತು.

ಖರ್ಚಿನದು ಬೇರೆ ಕಥೆ. ಅಲ್ಲಿ ಒಬ್ಬನ ಮಾತು ಎಲ್ಲರ ತಲೆಗೆ ಬರುತ್ತದೆ. 1973ರ ನವೆಂಬರಿನಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಸಾಹಿತ್ಯದ ಮಾತಿಗೆ ಸಾಹಿತ್ಯದಿಂದಲೇ ಉತ್ತರ ಕೊಡಬಹುದಿತ್ತು. ಆದರೆ ಗಲಭೆಯೆದ್ದಿತು, ಆ ಮಾತನ್ನಾಡದ ದಲಿತ ವಿದ್ಯಾರ್ಥಿಗಳ ಮೇಲೂ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಬೇರೆ ಜಾತಿಯ ಮಂತ್ರಿಯೊಬ್ಬರು ತಪ್ಪು ನುಡಿದರೆ ಅವರ ಜಾತಿಯ ಹುಡುಗರನ್ನು ಯಾರು ಹೊಡೆಯುತ್ತಾರೆ?

ಆದರೂ ಆ ಪೆಟ್ಟೇ ಅವರನ್ನು ಒಂದುಗೂಡಿಸಿತು. ನಮ್ಮ ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು, ಗೆಳೆಯರೊಡನೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ನಾಚಿಕೆಯಿಂದ ಮುಚ್ಚಿಡುತ್ತಿದ್ದ ಹೆಸರನ್ನು ಜನ ತಲೆಯೆತ್ತಿ ಹೇಳತೊಡಗಿದರು.

ಹೆಸರನ್ನು ಮುಚ್ಚಿಟ್ಟರೆ ಕೋಣೆ ಸಿಕ್ಕೀತು. ಆದರೆ ಊರಿನಿಂದ ತಾಯಿ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕು, ಗೆಳೆಯರನ್ನು ಕರೆಯುವಂತಿಲ್ಲ. ಕೋಣೆಗಾಗಿ ಕೇರಿಯ ಆಸರೆಯನ್ನೇ ಕಳೆದುಕೊಂಡಂತಾಯಿತು. ಹದಿನೆಂಟರ ಹುಡುಗನಿಗೆ ಇದು ಸಣ್ಣ ಬಾಡಿಗೆಯೆ?

ಸರ್ಕಾರ ಪ್ರಮಾಣಪತ್ರ ಕೊಡಬಲ್ಲದು, ಕಾನೂನು ಮಾಡಬಲ್ಲದು. ನಮ್ಮ ಮನೆಯ ಬಾಗಿಲ ಚಿಲುಕ ಮಾತ್ರ ನಮ್ಮ ಕೈಯಲ್ಲೇ ಇದೆ. ನಾಳೆ ಹುಡುಗನೊಬ್ಬ ಕೋಣೆ ಕೇಳಿಕೊಂಡು ಬಂದರೆ, ಏನು ಓದುತ್ತೀಯಪ್ಪ ಎಂದು ಕೇಳೋಣ. ತಿಂಗಳ ಬಾಡಿಗೆ ಎಷ್ಟೆಂದು ಹೇಳೋಣ. ಮೂರನೆಯ ಪ್ರಶ್ನೆ ಬೇಡ.