ಮನುಷ್ಯನನ್ನು ಓದುವ ವಿದ್ಯೆ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)



ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಓದಿನ ಮಾತು ಎಂಜಿನಿಯರಿಂಗ್, ವೈದ್ಯಕೀಯಗಳ ಆಚೆಗೆ ಸಾಗುವುದು ವಿರಳ. ಈಚೆಗೆ ನಮ್ಮ ಬಳಗದ ಹುಡುಗಿಯೊಬ್ಬಳು ಮಾನವಶಾಸ್ತ್ರ ಓದುತ್ತೇನೆಂದಾಗ ಆಕೆಯ ತಂದೆ ನನ್ನನ್ನು ಕೇಳಿದರು: ‘ಅದರಿಂದ ಹೊಟ್ಟೆ ತುಂಬೀತೇ, ರಾಯರೇ?’ ಅದೇ ವಿಷಯದಲ್ಲಿ ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೇಂದ್ರ ಸರ್ಕಾರದ ಸೇವೆಗೆ ಸೇರಿದ ನನಗೆ ಇದು ಹೊಸ ಪ್ರಶ್ನೆಯಲ್ಲ. ನನ್ನ ತಂದೆಯವರೂ ಇದನ್ನೇ ಕೇಳಿದ್ದರು.

ಮನುಷ್ಯನ ದೇಹ, ಭಾಷೆ, ಸಮಾಜ, ಪ್ರಾಚೀನ ಅವಶೇಷ, ಈ ನಾಲ್ಕನ್ನೂ ಒಂದೇ ಸೂರಿನಡಿ ಓದಿಸುವ ಶಾಸ್ತ್ರವಿದು. ಇದಕ್ಕೆ ನಮ್ಮ ಈ ನಗರದ ಋಣವಿದೆ. 1940ರಲ್ಲಿ ಕೊಮರಂ ಭೀಮ್ ಹೋರಾಟದಲ್ಲಿ ಮಡಿದ ಮೇಲೆ ಗೊಂಡರ ಅಸಮಾಧಾನದ ಕಾರಣಗಳನ್ನು ಅರಿಯಲು ನಿಜಾಮ್ ಸರ್ಕಾರ ನೆಚ್ಚಿಕೊಂಡದ್ದು ಹೈಮೆಂಡಾರ್ಫ್ ಎಂಬ ಮಾನವಶಾಸ್ತ್ರಜ್ಞರನ್ನು. 1943ರಲ್ಲಿ ಆದಿಲಾಬಾದಿನ ಮಾರ್ಲವಾಯಿಯಲ್ಲಿ ಗೊಂಡ ಶಿಕ್ಷಕರಿಗೆ ತರಬೇತಿ ಕೇಂದ್ರ ಆರಂಭವಾಯಿತು. ಉಸ್ಮಾನಿಯಾದಲ್ಲಿ ಬೋಧಿಸುತ್ತಿದ್ದ ಶ್ಯಾಮಾಚರಣ ದುಬೆಯವರು ನಗರದ ಸಮೀಪದ ಶಾಮೀರ್‌ಪೇಟೆಯನ್ನು ಅಭ್ಯಸಿಸಿ 1955ರಲ್ಲಿ ಪ್ರಕಟಿಸಿದ ಗ್ರಂಥ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು.

ಇನ್ನು ಉದ್ಯೋಗ. 1945ರಲ್ಲಿ ಸ್ಥಾಪಿತವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಿನಲ್ಲೇ ಇದೆ. ರಾಜ್ಯಗಳ ಬುಡಕಟ್ಟು ಸಂಶೋಧನಾ ಸಂಸ್ಥೆಗಳು, ಜನಗಣತಿ, ವಸ್ತುಸಂಗ್ರಹಾಲಯಗಳು, ಸಾರ್ವಜನಿಕ ಆರೋಗ್ಯ, ಅಧ್ಯಾಪನ ಇವು ಬೇರೆ ದಾರಿಗಳು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇದು ಐಚ್ಛಿಕ ವಿಷಯ. 2013ರ ಭೂಸ್ವಾಧೀನ ಕಾಯ್ದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿದ ಮೇಲೆ ಅಲ್ಲಿಯೂ ಈ ವಿದ್ಯೆಗೆ ಕೆಲಸವಿದೆ. ಆದರೆ ಹುದ್ದೆಗಳು ಮಿತ, ಕಾಯುವ ಕಾಲ ದೀರ್ಘ. ಸಂಖ್ಯಾಶಾಸ್ತ್ರವನ್ನೂ ಜನರ ಆಡುಮಾತನ್ನೂ ಕಲಿಯದವರಿಗೆ ಈ ದಾರಿ ಕಷ್ಟವೇ. ಇದನ್ನು ಮರೆಮಾಚಿ ಹೇಳಿದರೆ ನಾನು ನಿಮಗೆ ದ್ರೋಹ ಬಗೆದಂತೆ.

ಈಗ ನನ್ನದೊಂದು ಸಾಲದ ಲೆಕ್ಕ. ವಿದ್ಯಾರ್ಥಿಯಾಗಿದ್ದಾಗ ಕ್ಷೇತ್ರಕಾರ್ಯಕ್ಕೆಂದು ಬೀದರ ಸೀಮೆಯ ಲಂಬಾಣಿ ತಾಂಡಾವೊಂದಕ್ಕೆ ಹೋಗಿದ್ದೆ. ವಾರಗಟ್ಟಲೆ ನನಗೆ ರೊಟ್ಟಿ ಹಾಕಿದ ಮುದುಕಿಯೊಬ್ಬಳು ಹೊರಡುವ ದಿನ ಕೇಳಿದಳು: ‘ನಮ್ಮದೆಲ್ಲ ಬರಕೊಂಡು ಹೊಂಟಿ. ನನ್ನ ತಂಗೀನ್ನ ಜಹೀರಾಬಾದ್ ಕಡೆ ಕೊಟ್ಟೀವಿ. ಆಕಿ ಮಕ್ಕಳ ಕಾಗದದಾಗ ಒಂದು ಬರದಾರ, ನನ್ನ ಮಕ್ಕಳ ಕಾಗದದಾಗ ಇನ್ನೊಂದು. ನಾವೇನು ಬ್ಯಾರೆ ಬ್ಯಾರೆ ಮಂದಿ ಏನಪ್ಪಾ?’

ಅಲ್ಲ ಎಂಬುದು ನನಗೆ ಗೊತ್ತಿತ್ತು. 1956ರವರೆಗೆ ಆ ಎರಡು ಊರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸಂವಿಧಾನದ 341, 342ನೇ ವಿಧಿಗಳ ಪಟ್ಟಿಗಳು ರಾಜ್ಯವಾರು. ಆದ್ದರಿಂದ ಒಂದೇ ತಾಯಿಯ ಮಕ್ಕಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. 1965ರ ಲೋಕೂರ್ ಸಮಿತಿಯು ಪಂಗಡಕ್ಕೆ ಹೇಳಿದ ಲಕ್ಷಣಗಳಲ್ಲಿ ‘ಹೊರಗಿನವರೊಡನೆ ಬೆರೆಯಲು ಅಳುಕು’ ಎಂಬುದೂ ಒಂದು. ಯಾರಲ್ಲಿ ಅಳುಕಿದೆ, ಯಾರಲ್ಲಿಲ್ಲ ಎಂದು ಬರೆಯುವ ಲೇಖನಿ ಮಾನವಶಾಸ್ತ್ರಜ್ಞನ ಕೈಯಲ್ಲಿರುತ್ತದೆ. ಆ ಒಂದು ವಾಕ್ಯದ ಮೇಲೆ ಒಂದು ಸಮುದಾಯದ ಮಕ್ಕಳ ಶಾಲೆ, ನೌಕರಿ ನಿಂತಿರಬಹುದು.

ಆ ಮುದುಕಿಗೆ ಉತ್ತರ ಹೇಳಲು ನಾನು ಮರಳಿ ಹೋಗಲಿಲ್ಲ. ಪ್ರಬಂಧ ಒಪ್ಪಿಸಿದೆ, ಪದವಿ ಬಂತು, ಅದರ ಬಲದಿಂದ ನೌಕರಿಯೂ ದೊರೆಯಿತು. ಹೊಟ್ಟೆ ತುಂಬಿತು. ಆಕೆ ಹಾಕಿದ ರೊಟ್ಟಿಯ ಋಣ ಮಾತ್ರ ತೀರಲಿಲ್ಲ.

ಆದ್ದರಿಂದ ಆ ತಂದೆಯವರಲ್ಲಿ ನನ್ನ ವಿನಂತಿ ಇಷ್ಟೆ: ಮಗಳನ್ನು ಓದಲು ಕಳಿಸಿ. ಮಗಳಿಗೂ ಒಂದು ಮಾತು: ತಾಯಿ, ಯಾರ ಮನೆಯ ಕತೆ ಬರೆದುಕೊಂಡೆಯೋ ಆ ಮನೆಗೆ ಬರೆದದ್ದನ್ನು ಓದಿ ಹೇಳಲು ಇನ್ನೊಮ್ಮೆ ಹೋಗು. ನನ್ನಿಂದಾಗದ್ದು ನಿನ್ನಿಂದಾಗಲಿ.