ಚಂದ್ರನ ಖರ್ಚು, ನಮ್ಮ ಸಾಲ

(ಮಂಗಳೂರಿನಲ್ಲಿ ಸೇರಿದ್ದ ಬೆಳೆಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮೊನ್ನೆ ಇಲ್ಲಿಯ ಪಿಲಿಕುಳದ ತಾರಾಲಯಕ್ಕೆ ಮೊಮ್ಮಕ್ಕಳನ್ನು ಕರಕೊಂಡು ಹೋಗಿದ್ದ ನಮ್ಮೂರಿನ ಹಿರಿಯರೊಬ್ಬರು ಹೊರಗೆ ಬಂದವರೇ ನನ್ನನ್ನು ಕೇಳಿದರು: "ಅಲ್ಲ ಮಾರಾಯ್ರೇ, ಚಂದ್ರನಲ್ಲಿಗೆ ಹೋಗ್ಲಿಕ್ಕೆ ಇವರಿಗೆ ದುಡ್ಡು ಉಂಟು, ನಮ್ಮ ಸಾಲ ಮನ್ನಾಕ್ಕೆ ಮಾತ್ರ ಇಲ್ಲ. ಇದು ಯಾವ ನ್ಯಾಯ?"

ಈ ಮಾತಿಗೆ ಯಾವ ರೈತಸಭೆಯಲ್ಲೂ ಚಪ್ಪಾಳೆ ಬೀಳುತ್ತದೆ. ಈಗ ನೀವೂ ತಟ್ಟಿದಿರಿ. ಆದರೆ ನಾವು ಬೆಲೆ ಕೇಳುವಾಗ ಖರ್ಚಿನ ಪಟ್ಟಿ ಮುಂದಿಟ್ಟು ಕೇಳುವ ಜನ. ಆಕಾಶದ ಖರ್ಚಿಗೂ ಒಮ್ಮೆ ಲೆಕ್ಕ ಹಾಕಿ ನೋಡೋಣ.

2025-26ರ ಕೇಂದ್ರ ಬಜೆಟ್ಟು ಸುಮಾರು 50 ಲಕ್ಷದ 65 ಸಾವಿರ ಕೋಟಿ ರೂಪಾಯಿ. ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,400 ಕೋಟಿ. ನೂರು ರೂಪಾಯಿಯಲ್ಲಿ 26 ಪೈಸೆ ಆಯಿತು. ನಾಳೆಯೇ ಇಸ್ರೋಗೆ ಬೀಗ ಹಾಕಿ, ಆ ಹಣವನ್ನೆಲ್ಲ ಪಿಎಂ ಕಿಸಾನ್ ಪಟ್ಟಿಯಲ್ಲಿರುವ ಸುಮಾರು 9.8 ಕೋಟಿ ರೈತರಿಗೆ ಹಂಚಿದರೆ, ಒಬ್ಬೊಬ್ಬರಿಗೆ ವರ್ಷಕ್ಕೆ 1,370 ರೂಪಾಯಿ ಬರಬಹುದು. ಮೂರ್ನಾಲ್ಕು ಕಿಲೋ ಅಡಿಕೆಯ ದುಡ್ಡು. ಅದರಲ್ಲಿ ಯಾರ ಸಾಲ ತೀರುತ್ತದೆ ಸ್ವಾಮೀ?

ಇನ್ನೊಂದು ಲೆಕ್ಕ. 2008ರ ಬಜೆಟ್ಟಿನಲ್ಲಿ ರೈತರ ಸಾಲ ಮನ್ನಾಕ್ಕೆ, ಪರಿಹಾರಕ್ಕೆ ಎಂದು 60,000 ಕೋಟಿ ಘೋಷಣೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಚಂದ್ರಯಾನ-1 ಹಾರಿತು, ಖರ್ಚು 386 ಕೋಟಿ. ಮನ್ನಾದ ಹಣದಲ್ಲಿ ನೂರೈವತ್ತಕ್ಕೂ ಹೆಚ್ಚು ಚಂದ್ರಯಾನ ಕಳಿಸಬಹುದಿತ್ತು. ಆದರೂ ಸಾಲ ತಿರುಗಿ ಬಂತು. ಯಾಕೆ? ಬೆಲೆ ಬರಲಿಲ್ಲ, ಅದಕ್ಕೆ. ಚಂದ್ರಯಾನ ಹೋಗಿದ್ದರೂ ಬರುತ್ತಿತ್ತು, ಹೋಗದಿದ್ದರೂ ಬರುತ್ತಿತ್ತು.

ಖರ್ಚು ಸಣ್ಣದು ಎಂದ ಮಾತ್ರಕ್ಕೆ ಸರಿ ಎಂದು ನಾನು ಹೇಳುತ್ತಿಲ್ಲ. ಕೊಟ್ಟದ್ದಕ್ಕೆ ಬಂದದ್ದೇನು ಎಂದು ಕೇಳುವ ಹಕ್ಕು ನಮಗುಂಟು. ಮೊದಲು ನೆಲ ಕೊಟ್ಟವರೇ ಬಡವರು. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತಲ್ಲ, ಅದು ಮೀನುಗಾರರು ಬಿಟ್ಟುಕೊಟ್ಟ ಊರು. ಅವರ ಇಗರ್ಜಿಯೇ ವಿಜ್ಞಾನಿಗಳ ಕಚೇರಿ ಆಯಿತು. ನಮ್ಮ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿತು.

ಬಂದದ್ದು ಏನೂ ಇಲ್ಲ ಎಂದರೆ ಸುಳ್ಳಾದೀತು. ಇಲ್ಲೇ ಧಕ್ಕೆಗೆ ಹೋಗಿ ಬೋಟಿನವರನ್ನು ಕೇಳಿ. ಸಮುದ್ರದ ನೀರಿನ ಬಿಸಿ, ಬಣ್ಣ ಇವನ್ನು ಉಪಗ್ರಹದಿಂದ ನೋಡಿ, ಮೀನು ಎಲ್ಲಿ ಸೇರಬಹುದು ಎಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ತಿಳಿಸುತ್ತದೆ. ಸುಮ್ಮನೆ ಹುಡುಕಿ ಸುಡುವ ಡೀಸೆಲ್ ಅಷ್ಟು ಉಳಿಯಿತು. 1999ರ ಒಡಿಶಾ ಚಂಡಮಾರುತದಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಮೊದಲೇ ಲಕ್ಷಗಟ್ಟಲೆ ಜನರನ್ನು ಸಾಗಿಸಿದರು, ಸಾವು ಕೆಲವು ಹತ್ತುಗಳಲ್ಲಿ ನಿಂತಿತು. ಆಶ್ರಯ ಮನೆ ಕಟ್ಟಿದವರ, ಓಡಾಡಿದ ನೌಕರರ ಪಾಲೂ ಅದರಲ್ಲಿ ಉಂಟು. ಆದರೆ ಗಾಳಿ ಬರುವುದು ಮೊದಲು ಕಂಡದ್ದರಿಂದ ತಾನೇ ಸಾಗಿಸಿದ್ದು?

ಇನ್ನು ತೆಂಗಿನ ಕತೆ ನೀವು ಕೇಳಲೇಬೇಕು. ನಮ್ಮ ದೇಶದಲ್ಲಿ ಮೇಲಿನಿಂದ ಬೆಳೆ ನೋಡುವ ಈ ವಿದ್ಯೆ ಶುರುವಾದದ್ದೇ ತೆಂಗಿನ ತೋಟದ ಮೇಲೆ. 1970ರ ಸುಮಾರಿಗೆ ಪಿಶಾರಟಿ ಎಂಬ ವಿಜ್ಞಾನಿ ಕೇರಳದಲ್ಲಿ ಹೆಲಿಕಾಪ್ಟರ್ ಹಾರಿಸಿ, ಬೇರು ಸೊರಗು ರೋಗದ ತೋಟಗಳ ಫೋಟೋ ತೆಗೆಸಿದರು. ನಮ್ಮ ಕಣ್ಣಿಗೆ ಕಾಣದ ಬಣ್ಣ ಹಿಡಿಯುವ ಫಿಲಮು ಅದು. ರೋಗದ ಮರ, ಒಳ್ಳೆ ಮರ ಬೇರೆ ಬೇರೆಯಾಗಿ ಕಂಡವು. ಸಂತೋಷ. ಆದರೆ ಆ ರೋಗವನ್ನು ಗುಣಮಾಡುವ ಮದ್ದು ಇಂದಿಗೂ ಇಲ್ಲ. ಸುಳ್ಯದ ಕಡೆ ಅಡಿಕೆ ತೋಟಗಳನ್ನು ತಿಂದ ಹಳದಿ ಎಲೆ ರೋಗಕ್ಕೂ ಇಲ್ಲ. ಕಾಣುವುದು ಬೇರೆ, ಕೈ ಹಿಡಿಯುವುದು ಬೇರೆ. ನನ್ನ ತಕರಾರು ಇರುವುದು ಇಲ್ಲಿಯೇ.

ನಮ್ಮ ಜಿಲ್ಲೆ ಬಿಟ್ಟು ಸ್ವಲ್ಪ ಕಲಬುರಗಿಗೆ ಬನ್ನಿ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು, ಪೇಟೆಯವರು ಬೊಬ್ಬೆ ಹೊಡೆದರು. 2016ರ ಜುಲೈಯಲ್ಲಿ ಸರ್ಕಾರ ಮೊಜಾಂಬಿಕ್ ದೇಶದಿಂದ ಬೇಳೆ ತರಿಸಲು ಒಪ್ಪಂದ ಮಾಡಿತು. ಆ ಹೊತ್ತಿಗೆ ನಮ್ಮ ರೈತರೂ ಬೆಲೆ ನೋಡಿ ತೊಗರಿ ಬಿತ್ತಿ ಆಗಿತ್ತು. ಹಿಂದಿನ ವರ್ಷ 25 ಲಕ್ಷ ಟನ್ನಿನಷ್ಟಿದ್ದ ಬೆಳೆ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 5,050. ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಕೇಳಿದರು. ಆಮದಿಗೆ ಪ್ರಮಾಣದ ಮಿತಿ ಹಾಕಿದ್ದು 2017ರ ಆಗಸ್ಟಿನಲ್ಲಿ. ರೈತ ಮಾರಿ ಮುಗಿಸಿದ ಮೇಲೆ!

ಉಪಗ್ರಹ ಚಿತ್ರ ಇಟ್ಟುಕೊಂಡು ಬೆಳೆ ಅಂದಾಜು ಮಾಡುವ ಕೇಂದ್ರ ದೆಹಲಿಯಲ್ಲಿ 2012ರಿಂದ ಉಂಟು. ತೊಗರಿ ಹೆಚ್ಚು ಬಿದ್ದಿದೆ ಎಂದು ತಿಳಿಯಲು ಉಪಗ್ರಹವೂ ಬೇಕಿರಲಿಲ್ಲ, ಕೃಷಿ ಇಲಾಖೆ ವಾರ ವಾರ ಕೊಡುವ ಬಿತ್ತನೆ ಲೆಕ್ಕವೇ ಸಾಕಿತ್ತು. ಕಣ್ಣಿಗೇನೂ ಕೊರತೆ ಇರಲಿಲ್ಲ, ಮನಸ್ಸಿಗೆ ಇತ್ತು. ಆದ್ದರಿಂದ ರಾಕೆಟ್ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ನಮ್ಮ ಗದ್ದೆಯನ್ನು ಮೇಲಿನಿಂದ ನೋಡಿ ತಿಳಿದದ್ದನ್ನು ಆಮದು ನಿರ್ಧಾರಕ್ಕೆ ಮೊದಲು ನಮಗೂ ಹೇಳಿ, ಬೆಲೆ ಬೀಳುವ ಮೊದಲೇ ಖರೀದಿ ಕೇಂದ್ರ ತೆರೆಯಿರಿ ಎಂದು ಕೇಳುತ್ತೇನೆ.

ಮನುಷ್ಯರನ್ನು ಮೇಲೆ ಕಳಿಸುವ ಗಗನಯಾನದ ವಿಷಯ ಬೇರೆ. ಅದರ ವೆಚ್ಚವನ್ನು 2024ರಲ್ಲಿ 20,193 ಕೋಟಿಗೆ ಏರಿಸಿದ್ದಾರೆ. ಅದರಿಂದ ನಮ್ಮ ತೋಟಕ್ಕೆ ಏನು ಎಂಬುದು ನನಗಂತೂ ತಿಳಿದಿಲ್ಲ. ದೇಶದ ಹೆಮ್ಮೆ ಎಂದರೆ ಒಪ್ಪುತ್ತೇನೆ. ಹಾಗಾದರೆ ಹೆಮ್ಮೆಯ ಲೆಕ್ಕಕ್ಕೇ ಬರೆಯಲಿ, ರೈತನ ಉಪಕಾರದ ಲೆಕ್ಕಕ್ಕೆ ಬರೆಯುವುದು ಬೇಡ.

ಕಡೆಗೆ ಅಡಿಕೆಗೇ ಬರುತ್ತೇನೆ. ಹವಾಮಾನ ಆಧಾರಿತ ಬೆಳೆವಿಮೆಗೆ ನೂರಕ್ಕೆ 5ರಂತೆ ನಾವು ಕಂತು ಕಟ್ಟುತ್ತೇವೆ. ಕೊಳೆರೋಗದಲ್ಲಿ ಎಷ್ಟು ಕಾಯಿ ಉದುರಿತು ಎಂದು ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಪಂಚಾಯತಿನ ಮಳೆಮಾಪಕ ತೋರಿಸಿದ್ದೇ ಮಳೆ, ಅದರ ಮೇಲೆ ಪರಿಹಾರ. ನಮ್ಮ ಜಿಲ್ಲೆಯಲ್ಲಿ ಗುಡ್ಡದ ಆಚೆ ಸುರಿದ ಮಳೆ ಈಚೆ ಇರುವುದಿಲ್ಲ ಎಂದು ನಿಮಗೆ ಹೇಳಬೇಕೇ? ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಮ್ಮ ಉಪಗ್ರಹ ಸರಿಯಾಗಿ ನಿಂತಿದೆ. ಕೆಳಗೆ ಮಳೆಮಾಪಕಕ್ಕೆ ಬಳ್ಳಿ ಹಬ್ಬಿದರೆ ಕೀಳುವವರು ಯಾರು?

ಈ ಸಲ ಕಂತು ಕಟ್ಟುವ ಮೊದಲು ಪ್ರತಿಯೊಬ್ಬರೂ ನಿಮ್ಮ ಪಂಚಾಯತಿನ ಮಳೆಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ಹೋಗಿ ನೋಡಿ ಬನ್ನಿ. ಕೆಟ್ಟಿದ್ದರೆ ಆ ದಿನವೇ ಅರ್ಜಿ ಬರೆದು ಕೊಡಿ, ಅರ್ಜಿ ಮುಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಅದರ ಪ್ರತಿ ನನಗೂ ಒಂದು ಕಳಿಸಿ.