ಗಾರ್ ಮೀನಿನ ಹುಟ್ಟು ಮತ್ತು ಬೆಳವಣಿಗೆ

ಕಳೆದ ಮಳೆಗಾಲದ ಒಂದು ಸಂಜೆ, ಆರ್.ಟಿ. ನಗರದಲ್ಲಿರುವ ನಮ್ಮ ಮನೆಗೆ ನೆರೆಯ ಹುಡುಗನೊಬ್ಬನು ನೀರು ತುಂಬಿದ ಗಾಜಿನ ಭರಣಿಯನ್ನು ಎತ್ತಿಕೊಂಡು ಬಂದನು. ಅದರೊಳಗೆ ಗೇಣುದ್ದದ ಮೀನೊಂದು ಕಡ್ಡಿಯಂತೆ ಅಲುಗದೆ ನಿಂತಿತ್ತು. ಮೈ ಮೀನಿನದು, ಮೂತಿ ಮೊಸಳೆಯದು. ಅಂಗಡಿಯಿಂದ ತಂದಾಗ ಅದು ಬೆರಳುದ್ದವಿತ್ತಂತೆ. ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುವುದೆಂದು ಮಾರಿದವನು ಹೇಳಿದ್ದನಂತೆ. ಕೆಲವೇ ತಿಂಗಳಲ್ಲಿ ಅದು ಜೊತೆಯಲ್ಲಿದ್ದ ಪುಟ್ಟ ಮೀನುಗಳನ್ನೆಲ್ಲ ನುಂಗಿ ಮುಗಿಸಿತ್ತು. “ಮೇಷ್ಟ್ರೇ, ಇದನ್ನ ಹೆಬ್ಬಾಳದ ಕೆರೆಗೆ ಬಿಟ್ಟುಬಿಡು ಅಂತಾರೆ ಅಪ್ಪ. ಬಿಡಬಹುದಾ?” ಎಂದು ಹುಡುಗನು ಕೇಳಿದನು. ಪ್ರಶ್ನೆ ಚಿಕ್ಕದು, ಆದರೆ ಈ ಪ್ರಾಣಿಯ ಜೀವನಕ್ರಮವನ್ನು ಅರಿಯದೆ ಉತ್ತರ ಹೇಳುವಂತಿಲ್ಲ. ಆದುದರಿಂದ ಶ್ರೋತೃಗಳೊಡನೆ ಇಂದು ಅದನ್ನೇ ಕುರಿತು ನಾಲ್ಕು ಮಾತನಾಡಬೇಕೆಂದಿದ್ದೇವೆ.

ಗಾರ್ ಎಂಬುದು ಈಟಿಯೆಂಬ ಅರ್ಥವುಳ್ಳ ಹಳೆಯ ಇಂಗ್ಲಿಷ್ ಮಾತು. ಮೂತಿ ಈಟಿಯಂತೆ ನೀಳವಾಗಿರುವುದರಿಂದ ಈ ಹೆಸರು. ಇಂಥ ಮೂತಿಯ ಮೀನೊಂದು ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿಯೂ ಉಂಟು. ಅದನ್ನೂ ಪುಸ್ತಕಗಳಲ್ಲಿ ಸಿಹಿನೀರಿನ ಗಾರ್ ಎಂದೇ ಕರೆಯುವರು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಬುಕಾನನ್ ಹ್ಯಾಮಿಲ್ಟನ್ನನೇ, 1822ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಅದಕ್ಕೆ ಶಾಸ್ತ್ರೀಯವಾದ ಹೆಸರಿಟ್ಟನು. ಅದು ಒಂದು ಮೊಳಕ್ಕಿಂತ ಹೆಚ್ಚು ಬೆಳೆಯದ, ತೆಳುಮೈಯ, ಸಾಧುವಾದ ಸೂಜಿಮೀನು. ಅದಕ್ಕೂ ಭರಣಿಯಲ್ಲಿದ್ದ ಮೀನಿಗೂ ಮೂತಿಯ ಹೋಲಿಕೆಯಲ್ಲದೆ ಹತ್ತಿರದ ನಂಟಿಲ್ಲ. ಬಾವಲಿಗೆ ರೆಕ್ಕೆಯಿದ್ದ ಮಾತ್ರಕ್ಕೆ ಅದು ಹಕ್ಕಿಯಾಗದಷ್ಟೆ.

ನಿಜವಾದ ಗಾರ್‌ಗಳು ಇಂದು ಜೀವಿಸಿರುವುದು ಏಳೇ ಜಾತಿ. ಅವುಗಳ ತವರು ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕ್ಯೂಬಾ ದ್ವೀಪ. ದಕ್ಷಿಣ ಮೆಕ್ಸಿಕೋದಿಂದ ಕೋಸ್ಟರಿಕಾದವರೆಗೆ ಹಬ್ಬಿರುವ ಉಷ್ಣವಲಯದ ಗಾರನ್ನು 1863ರಲ್ಲಿ ಗಿಲ್ ಎಂಬ ವಿದ್ವಾಂಸನು ವರ್ಣಿಸಿದನು. ಮೆಕ್ಸಿಕೋದ ತಬಾಸ್ಕೊ ಪ್ರಾಂತದವರು ಅದನ್ನು ಕೆಂಡದ ಮೇಲೆ ಸುಟ್ಟು ಪ್ರೀತಿಯಿಂದ ತಿನ್ನುತ್ತಾರೆ. ನಮ್ಮ ಹುಡುಗನಲ್ಲಿದ್ದುದು ಅದರ ದೊಡ್ಡ ದಾಯಾದಿಯಾದ ಅಲಿಗೇಟರ್ ಗಾರ್. 2011ರಲ್ಲಿ ಮಿಸಿಸಿಪಿ ಸಂಸ್ಥಾನದಲ್ಲಿ ಸಿಕ್ಕಿದ ಅಂಥದೊಂದು ಮೀನು ಎರಡೂವರೆ ಮೀಟರಿಗೂ ಉದ್ದವಾಗಿ, 148 ಕಿಲೋಗ್ರಾಂ ತೂಗಿತು.

ಇಷ್ಟು ದೊಡ್ಡ ಮೀನಿನ ಆರಂಭ ಬಹು ಸಣ್ಣದು. ಹೊಳೆಯು ಉಕ್ಕಿ ದಡದ ಹುಲ್ಲು ಮುಳುಗಿದಾಗ ಹೆಣ್ಣು ಅಲ್ಲಿಗೆ ಬಂದು, ಜೊಂಡಿಗೆ ಅಂಟಿಕೊಳ್ಳುವ ಮೊಟ್ಟೆಗಳನ್ನು ಇಡುವುದು. ಆ ಮೊಟ್ಟೆಗಳು ಮನುಷ್ಯನಿಗೂ ವಿಷ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ದಿವಸಗಳಲ್ಲಿ ಮರಿ ಹೊರಬೀಳುತ್ತದೆ. ಆಗ ಅದಕ್ಕೆ ನೀಳಮೂತಿಯಿಲ್ಲ. ಮೊಂಡು ಮುಖದ ತುದಿಯಲ್ಲಿ ಅಂಟುವ ಬಿಲ್ಲೆಯೊಂದಿರುತ್ತದೆ. ಅದರಿಂದ ಹುಲ್ಲಿಗೆ ಕಚ್ಚಿಕೊಂಡು, ಹೊಟ್ಟೆಯಡಿಯ ಚೀಲದಲ್ಲಿರುವ ಹಳದಿಯನ್ನು ಕರಗಿಸುತ್ತ ಕೆಲವು ದಿವಸ ನೇತಾಡುವುದು. ಚೀಲ ಬರಿದಾಗುತ್ತ ಬಂದಂತೆ ಬಿಲ್ಲೆ ಅಳಿಯುತ್ತದೆ, ದವಡೆ ನೀಳವಾಗುತ್ತದೆ, ಹಲ್ಲು ಮೂಡುತ್ತವೆ. ಬಾಲದ ಮೇಲಂಚಿನಲ್ಲಿ ನೂಲಿನಂಥ ಎಳೆಯೊಂದು ಸದಾ ಕಂಪಿಸುತ್ತಿದ್ದು, ಬೆಳೆದ ಮೇಲೆ ಮಾಯವಾಗುತ್ತದೆ. ಮೊದಲು ನೀರಹುಳುಗಳನ್ನು ತಿನ್ನುವ ಮರಿ, ಬೇಗನೆ ಇತರ ಮೀನುಗಳಿಗೂ, ಆಹಾರ ಸಾಲದಿದ್ದರೆ ಒಡಹುಟ್ಟಿದವುಗಳಿಗೂ ಬಾಯಿಹಾಕುವುದು. ತೊಟ್ಟಿಯ ಅಳತೆ ನೋಡಿ ಬೆಳೆಯುವ ಪ್ರಾಣಿ ಅದಲ್ಲ.

ಬೆಳೆದ ಗಾರಿಗೆ ಎರಡು ರಕ್ಷೆಗಳುಂಟು. ಒಂದು, ಹಂಚು ಜೋಡಿಸಿದಂತೆ ಬಿಗಿದ, ಮೂಳೆಯಷ್ಟು ಗಟ್ಟಿಯಾದ ಹುರುಪೆಗಳ ಕವಚ. ಇನ್ನೊಂದು, ಶ್ವಾಸಕೋಶದಂತೆ ಕೆಲಸ ಮಾಡುವ ಗಾಳಿಚೀಲ. ನೀರಿನಲ್ಲಿ ಪ್ರಾಣವಾಯು ಕಡಮೆಯಾದರೆ ಇತರ ಮೀನುಗಳು ಸಾಯುವುವು. ಗಾರ್ ಮೇಲಕ್ಕೆ ಬಂದು ಗಾಳಿ ನುಂಗಿ ಬದುಕುವುದು.

ಸೋಜಿಗದ ಸಂಗತಿಯೊಂದುಂಟು. ಇವುಗಳ ಕುಲ ದಖ್ಖನ್ ಸೀಮೆಗೆ ತೀರ ಅಪರಿಚಿತವಲ್ಲ. ಇಂದಿನ ಮಹಾರಾಷ್ಟ್ರದ ಡೊಂಗರ್‌ಗಾಂವ್ ಎಂಬಲ್ಲಿನ ಶಿಲೆಗಳಲ್ಲಿ ದೊರೆತ ಗಾರಿನ ಅವಶೇಷಗಳನ್ನು 1908ರಲ್ಲಿ ಸ್ಮಿತ್ ವುಡ್‌ವರ್ಡನು ವರ್ಣಿಸಿದನು. ಅವು ಡೈನೋಸಾರುಗಳ ಕೊನೆಗಾಲದವು, ಎಂದರೆ 6 ಕೋಟಿ ವರ್ಷಗಳಿಗೂ ಹಿಂದಿನವು. ಹಾಗಾದರೆ ಇದು ತವರಿಗೆ ಮರಳಿದ ಮೀನಲ್ಲವೆ, ಎಂದು ಯಾರಾದರೂ ವಾದಿಸಿಯಾರು. ಆದರೆ ಅದನ್ನರಿತಿದ್ದ ಜಲಚರಗಳು ಅಂದೇ ಕಳೆದುಹೋದುವು. ಇಂದಿನ ನಮ್ಮ ಪಕ್ಕೆಗಳೂ ಗಿರ್ಲುಗಳೂ ಅದರ ಹಲ್ಲನ್ನು ಕಂಡವಲ್ಲ.

ಇನ್ನು ಹುಡುಗನ ಪ್ರಶ್ನೆ. ಹೆಬ್ಬಾಳದ ಕೆರೆ ಒಂಟಿಯಾದುದಲ್ಲ. ಅದು ಕೋಡಿ ಹರಿದರೆ ನೀರು ನಾಗವಾರ, ಕಲ್ಕೆರೆ, ರಾಂಪುರಗಳ ಕೆರೆಗಳನ್ನು ಹಾಯ್ದು, ಎಲೆಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರಿ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಒಂದು ಕೆರೆಗೆ ಬಿಟ್ಟ ಮೀನು ಒಂದು ಸಾಲಿಗೇ ಬಿಟ್ಟಂತೆ. ಊರಿನ ಕೊಳೆ ಬೆರೆತು ಉಸಿರುಗಟ್ಟಿದ ನೀರಿನಲ್ಲಿ ನಮ್ಮ ಮೀನುಗಳು ಕಂಗೆಡುವಾಗ, ಗಾಳಿ ನುಂಗುವ ಈ ಅತಿಥಿಗೆ ತೊಂದರೆಯಿಲ್ಲ. 2018ರ ಮಹಾಪ್ರವಾಹದ ತರುವಾಯ ಕೇರಳದ ಹೊಳೆಗಳಲ್ಲಿಯೂ, 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿಯೂ ಅಲಿಗೇಟರ್ ಗಾರ್ ಸಿಕ್ಕಿತು. ಒಂಟಿ ಮೀನು ಸಂತಾನ ಬೆಳೆಸಲಾರದೆಂಬುದು ನಿಜ. ಆದರೆ ಅದು ಹತ್ತಾರು ವರ್ಷ ಬದುಕಿ ತಿನ್ನಬಲ್ಲುದು. ಮೇಲಾಗಿ, ದಯೆಯಿಂದ ಮೀನು ಬಿಡುವ ಮನೆ ಊರಿನಲ್ಲಿ ಒಂದೇ ಇರುವುದಿಲ್ಲ.

ಬಿಡಕೂಡದೆಂದು ಹೇಳಿದೆವು. ಹುಡುಗನ ಮುಖ ಬಾಡಿತು. “ಹಾಗಾದರೆ ಸಾಯಿಸಬೇಕಾ?” ಎಂದನು. ಈ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಸುಲಭವಾದ ಉತ್ತರವಿರಲಿಲ್ಲ. ಅಂಗಡಿಗೆ ಹಿಂದಿರುಗಿಸಿದರೆ ಇನ್ನೊಬ್ಬ ಹುಡುಗನ ಕೈಗೆ ಹೋಗುವುದು. ಕೊನೆಗೆ ನಮ್ಮ ಕಾಲೇಜಿನ ಸಿಮೆಂಟ್ ತೊಟ್ಟಿಯಲ್ಲಿ ಇಟ್ಟುಕೊಂಡೆವು. ಈಗ ಅದು ಒಂದು ಮೊಳ ದಾಟಿದೆ. ವಾರಕ್ಕೊಮ್ಮೆ ಹುಡುಗನು ಬಂದು ನೋಡಿ ಹೋಗುತ್ತಾನೆ. ನಾವು ನಿವೃತ್ತರಾದ ಮೇಲೂ ಅದು ಊಟಕ್ಕೆ ಬಾಯಿ ತೆರೆಯುತ್ತಿರಬಹುದು. ಬೆರಳುದ್ದದ ಮರಿಯನ್ನು ಕೊಳ್ಳುವ ಮುನ್ನ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕೆಂದು ಶ್ರೋತೃಗಳಲ್ಲಿ ನಮ್ಮ ಪ್ರಾರ್ಥನೆ.